ಹನ್ನೆರಡಕ್ಕೇ ಹಡಗು ಹತ್ತಿದವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಎರಡು ಸಂಚಿಕೆ ಹಿಂದೆ ಓದುಗರೊಬ್ಬರು ಬಳ್ಳಾರಿ ಕೋಟೆ ಬಗ್ಗೆ ಕೇಳಿದ್ದರು. ಅದಕ್ಕೆ ಉತ್ತರ ಬರೆಯುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಇಂಗ್ಲೆಂಡಿನ ನೌಕಾಪಡೆಯ ದೊಡ್ಡ ವೀರ ಹೊರೇಷಿಯೋ ನೆಲ್ಸನ್ ತನ್ನ ಜೀವನದ ಮೊದಲ ಕಾಳಗ ಕಂಡಿದ್ದು ನಮ್ಮ ಹೈದರ್ ಅಲಿಯ ಹಡಗುಗಳ ಎದುರು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಸಮುದ್ರದ ಗಾಳಿಯೇ ಸೋಕದ ಜಿಲ್ಲೆಗಳು ನಮ್ಮವು. ನಮಗೆ ನೀರು ಅಂದ್ರೆ ತುಂಗಭದ್ರೆ, ಡ್ಯಾಮು, ಕಾಲುವೆ. ದೋಣಿ ಅಂದ್ರೆ ಆನೆಗೊಂದಿ ಹತ್ತಿರ ಸುತ್ತುವ ಹರಿಗೋಲು. ಆದರೂ ಹಾಯಿಹಡಗಿನ ಕಾಲದ ಆ ಅಧಿಕಾರಿಗಳು ಹೇಗೆ ಬೆಳೆದರು, ಏನು ತಿಂದರು, ಎಷ್ಟು ಸಂಪಾದಿಸಿದರು ಅಂತ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಕೇಳಿದ್ದೀರಿ. ಈ ವಿಷಯವನ್ನು ನಾನು ವರ್ಷಗಟ್ಟಲೆ ಪ್ರೀತಿಯಿಂದ ಓದಿಕೊಂಡು ಬಂದಿದ್ದೇನೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ನೆಲ್ಸನ್ ಹೈದರ್ ಅಲಿ ಮೇಲೆ ಯುದ್ಧ ಮಾಡಿದ ಅಂತ ಬರೆದಿದ್ದೀರಿ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು, ಎಲ್ಲೂ ಓದಿಲ್ಲ. ಇದು ನಿಜವೋ, ಸುಮ್ನೆ ಹೇಳುವ ಮಾತೋ?
ನಿವೃತ್ತ ಶಿಕ್ಷಕರು, ಸಿರುಗುಪ್ಪ

ನಿಜ ಮೇಷ್ಟ್ರೇ, ದಿನಾಂಕ ಸಮೇತ ಇದೆ. 1775ರ ಫೆಬ್ರವರಿ 19. ಆದರೆ ಯುದ್ಧ ಅಂದ್ರೆ ತಪ್ಪಾದೀತು, ಸಣ್ಣ ಚಕಮಕಿ ಅನ್ನಿ. ನೆಲ್ಸನ್‌ಗೆ ಆಗ ಹದಿನಾರು ವರ್ಷ. ‘ಸೀಹಾರ್ಸ್’ ಎಂಬ ಸಣ್ಣ ಯುದ್ಧನೌಕೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಆ ಹಡಗು ಈಸ್ಟ್ ಇಂಡಿಯಾ ಕಂಪನಿಯ ಹಣ ಹೊತ್ತುಕೊಂಡು ಬಾಂಬೆಗೆ ಹೊರಟಿತ್ತು. ದಾರಿಯಲ್ಲಿ ಹೈದರನ ಎರಡು ಸಣ್ಣ ಹಡಗುಗಳು ಎದುರಾದವು. ಎರಡೂ ಕಡೆಯಿಂದ ಸ್ವಲ್ಪ ಹೊತ್ತು ಗುಂಡು ಹಾರಿದವು, ಹೈದರನ ಹಡಗುಗಳು ಹಿಂದೆ ಸರಿದವು. ಅಷ್ಟೇ. ನೆಲ್ಸನ್ ಫಿರಂಗಿಯ ಹೊಗೆ ಕುಡಿದ ಮೊದಲ ದಿನ ಅದು.

ಈ ಹೈದರನೇ ನಮ್ಮ ಬಳ್ಳಾರಿ ಗುಡ್ಡದ ಕೆಳಕೋಟೆ ಕಟ್ಟಿಸಿದವನು. ಫ್ರೆಂಚ್ ಇಂಜಿನಿಯರ್ ಕೋಟೆ ಕಟ್ಟಿದ, ಪಕ್ಕದ ಗುಡ್ಡ ಕೋಟೆಗಿಂತ ಎತ್ತರ ಇದೆ ಅಂತ ಆಮೇಲೆ ಗೊತ್ತಾಗಿ ಹೈದರ್ ಅವನನ್ನು ಗಲ್ಲಿಗೆ ಹಾಕಿಸಿದ ಅನ್ನೋ ಕಥೆ ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಕೋಟೆ ಬಾಗಿಲ ಹತ್ತಿರ ಹೋದಾಗಲೆಲ್ಲ ಆ ಇಂಜಿನಿಯರ್ ಜೊತೆಗೆ ಈಗ ಆ ಹದಿನಾರರ ಹುಡುಗನೂ ನೆನಪಿಗೆ ಬರುತ್ತಾನೆ.

ನೆಲ್ಸನ್ ನಮ್ಮ ದೇಶದಿಂದ ಗೆದ್ದು ಹೋಗಲಿಲ್ಲ, ಜ್ವರ ಹತ್ತಿಸಿಕೊಂಡು ಹೋದ. ಮಲೇರಿಯಾ. ಸಾಯುವ ಸ್ಥಿತಿಯಲ್ಲಿ 1776ರಲ್ಲಿ ಇನ್ನೊಂದು ಹಡಗಿನಲ್ಲಿ ಮಲಗಿಸಿ ಊರಿಗೆ ಕಳಿಸಿದರು. ಆರು ತಿಂಗಳ ಪ್ರಯಾಣ. ಆ ದಾರಿಯಲ್ಲಿ, ನನಗೆ ದಿಕ್ಕಿಲ್ಲ, ನಾನು ಈ ಕೆಲಸದಲ್ಲಿ ಮೇಲೆ ಬರುವುದೇ ಇಲ್ಲ ಅಂತ ಪೂರ್ತಿ ಕುಸಿದುಹೋಗಿದ್ದೆ ಅಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಊರು ಮುಟ್ಟಿದಾಗ ನೋಡಿದರೆ, ಅವನ ಸೋದರಮಾವ ಮಾರಿಸ್ ಸಕ್ಲಿಂಗ್ ನೌಕಾಪಡೆಯ ಆಡಳಿತ ಮಂಡಳಿಯ ಮುಖ್ಯಸ್ಥನಾಗಿ ಕೂತಿದ್ದ. ಮಾವನ ಮಾತಿಗೆ ಬೆಲೆ ಬಂದಿತ್ತು, ಹುಡುಗನ ದಾರಿ ತೆರೆಯಿತು.

ಅಧಿಕಾರಿ ಆಗೋಕೆ ಪರೀಕ್ಷೆ ಇತ್ತಾ ಸರ್? ಅಥವಾ ದೊಡ್ಡವರ ಮಕ್ಕಳಿಗೆ ಹಾಗೇ ಕೊಡುತ್ತಿದ್ದರಾ? ಕೋಚಿಂಗ್ ಇತ್ತಾ?
ಪಿಯುಸಿ ವಿದ್ಯಾರ್ಥಿನಿ, ಕುರುಗೋಡು

ಪರೀಕ್ಷೆ ಇತ್ತು ತಂಗಿ. ಅದೇ ಈ ನೌಕಾಪಡೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಸಂಗತಿ. ಆ ಕಾಲದ ಬ್ರಿಟಿಷ್ ಭೂಸೇನೆಯಲ್ಲಿ ಅಧಿಕಾರಿ ಹುದ್ದೆಯನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಬಹುದಿತ್ತು. ಕದ್ದುಮುಚ್ಚಿ ಅಲ್ಲ, ಕಾನೂನು ಪ್ರಕಾರವೇ. 1871ರವರೆಗೂ ಹಾಗೇ ನಡೆಯಿತು. ನೌಕಾಪಡೆಯಲ್ಲಿ ಆ ವ್ಯವಹಾರ ಇರಲಿಲ್ಲ. ಎಷ್ಟೇ ದೊಡ್ಡ ಮನೆಯವನಾಗಲಿ, ಅಧಿಕಾರಿಯ ಮೊದಲ ಮೆಟ್ಟಿಲಾದ ಲೆಫ್ಟಿನೆಂಟ್ ಆಗಬೇಕಾದರೆ ಆರು ವರ್ಷ ಸಮುದ್ರದ ಮೇಲೆ ಇದ್ದಿರಬೇಕು, ಇಪ್ಪತ್ತು ತುಂಬಿರಬೇಕು, ಆಮೇಲೆ ಕ್ಯಾಪ್ಟನ್‌ಗಳ ಎದುರು ನಿಂತು ಬಾಯಿಪರೀಕ್ಷೆ ಕೊಡಬೇಕು.

ಏನು ಕೇಳುತ್ತಿದ್ದರು? ಪುಸ್ತಕದ ಪ್ರಶ್ನೆ ಕಡಿಮೆ. ನೀನು ಈಗ ಇಂಥ ಹಡಗಿನ ಮೇಲೆ ನಿಂತಿದ್ದೀಯ, ಗಾಳಿ ಈ ಕಡೆಯಿಂದ ಬೀಸುತ್ತಿದೆ, ಎದುರಿಗೆ ಬಂಡೆ ಸಾಲು ಇದೆ, ಹಡಗಿನ ಕಂಬ ಮುರಿದು ಬಿತ್ತು, ಈಗ ಏನು ಮಾಡುತ್ತೀಯ? ಯಾವ ಹಾಯಿ ಇಳಿಸುತ್ತೀಯ, ಯಾವ ಹಗ್ಗ ಬಿಡುತ್ತೀಯ? ಉತ್ತರ ಹೇಳಲು ಒಂದು ಕ್ಷಣ ತಡೆದರೂ ಪರೀಕ್ಷೆ ಮಾಡುವವರಿಗೆ ಗೊತ್ತಾಗುತ್ತಿತ್ತು, ಯಾಕಂದ್ರೆ ಅವರೂ ಅದೇ ದಾರಿಯಲ್ಲಿ ಬಂದವರು. ಜೊತೆಗೆ ಹುಡುಗ ದಿನಾ ತಾನೇ ಬರೆದ ದಿನಚರಿ ತೋರಿಸಬೇಕು, ತಾನು ಕೆಲಸ ಮಾಡಿದ ಹಡಗುಗಳ ಕ್ಯಾಪ್ಟನ್‌ಗಳಿಂದ ಪತ್ರ ತರಬೇಕು. ಪೋರ್ಟ್ಸ್‌ಮತ್‌ನಲ್ಲಿ 1733ರಿಂದ ಒಂದು ನೌಕಾ ಶಾಲೆ ಏನೋ ಇತ್ತು, ಆದರೆ ಅಲ್ಲಿಂದ ಬಂದವರು ಕೆಲವೇ ಜನ. ಉಳಿದವರಿಗೆಲ್ಲ ಹಡಗೇ ಶಾಲೆ, ಹಡಗೇ ಕೋಚಿಂಗು.

ಹಾಗಂತ ಶಿಫಾರಸು ಇರಲಿಲ್ಲ ಅಂತ ಹೇಳಿದರೆ ನಿನಗೆ ಸುಳ್ಳು ಹೇಳಿದ ಹಾಗೆ. ಮೊದಲಿಗೆ ಹಡಗು ಹತ್ತಬೇಕಾದರೆ ಯಾರಾದರೂ ಕ್ಯಾಪ್ಟನ್ ಗೊತ್ತಿರಬೇಕು. ಹುಡುಗರನ್ನು ಸೇರಿಸಿಕೊಳ್ಳುವುದು ಅವನ ಇಷ್ಟ. ನೆಲ್ಸನ್ ಹನ್ನೆರಡಕ್ಕೆ ಸೇರಿದ್ದು ಸೋದರಮಾವನ ಹಡಗಿಗೆ. 1777ರ ಏಪ್ರಿಲ್‌ನಲ್ಲಿ ಪರೀಕ್ಷೆಗೆ ನಿಂತಾಗ ಎದುರಿಗೆ ಕೂತವರಲ್ಲಿ ಒಬ್ಬ ಅದೇ ಸೋದರಮಾವ. ಹುಡುಗ ಪಾಸಾಗುವವರೆಗೂ ಇವನು ನನ್ನ ಅಳಿಯ ಅಂತ ಮಾವ ಬಾಯಿ ಬಿಡಲಿಲ್ಲವಂತೆ. ನೆಲ್ಸನ್‌ನ ಅಣ್ಣ ಹೇಳಿದ ಮಾತು ಇದು. ವಯಸ್ಸು ಹದಿನೆಂಟು, ಪ್ರಮಾಣಪತ್ರದಲ್ಲಿ ಇಪ್ಪತ್ತು ದಾಟಿದೆ ಅಂತ ಬರೆದರು! ಇನ್ನೂ ಒಂದು ತಂತ್ರ ಇತ್ತು. ಮನೆಯಲ್ಲಿ ಆಡುತ್ತಿರುವ ಮಗುವಿನ ಹೆಸರನ್ನು ಹಡಗಿನ ಹಾಜರಿ ಪುಸ್ತಕದಲ್ಲಿ ಬರೆಸುವುದು. ಆರು ವರ್ಷದ ಲೆಕ್ಕ ಆಗಲೇ ಶುರು. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹುಟ್ಟಿದ ಪ್ರೊವೋ ವಾಲಿಸ್ ಎಂಬ ಹುಡುಗನ ಹೆಸರು 1795ರಲ್ಲಿ ಒಂದು ಹಡಗಿನ ಪುಸ್ತಕದಲ್ಲಿ ಹತ್ತಿತು. ಆಗ ಅವನಿಗೆ ನಾಲ್ಕು ವರ್ಷ.

ಆದರೆ ನೋಡು, ಇಷ್ಟೆಲ್ಲ ಆದ ಮೇಲೂ ಗಾಳಿಗೆ ಶಿಫಾರಸು ಗೊತ್ತಿಲ್ಲ. ಏನೂ ಬಾರದವನು ನಡುಸಮುದ್ರದಲ್ಲಿ ನಿಂತರೆ ಅವನ ಜೊತೆ ನೂರಾರು ಜನ ಮುಳುಗುತ್ತಾರೆ. ಅದು ಎಲ್ಲರಿಗೂ ಗೊತ್ತಿದ್ದರಿಂದಲೇ ಪರೀಕ್ಷೆ ಬರೀ ಹೆಸರಿಗೆ ಆಗಲಿಲ್ಲ. ಕೂಲಿಕಾರನ ಮಗ ಜೇಮ್ಸ್ ಕುಕ್ 1755ರಲ್ಲಿ ಸಾಮಾನ್ಯ ನಾವಿಕನಾಗಿ ಸೇರಿ, ನಕ್ಷೆ ಬರೆಯುವುದರಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬನಿಲ್ಲ ಅನಿಸಿಕೊಂಡು, 1768ರಲ್ಲಿ ಲೆಫ್ಟಿನೆಂಟ್ ಆಗಿ ಪೆಸಿಫಿಕ್ ಸಾಗರಕ್ಕೇ ಹೊರಟ. ಅಂಥವರು ಕಡಿಮೆ, ಆದರೆ ಇದ್ದರು.

ಮೂವತ್ತೆರಡು ವರ್ಷ ಗುಮಾಸ್ತೆ ಕೆಲಸ ಮಾಡಿ ಒಂದೇ ಪ್ರಮೋಷನ್ ಕಂಡು ನಿವೃತ್ತನಾದವನು ನಾನು. ಅಲ್ಲಿ ಬಡ್ತಿ ಹೇಗೆ? ಸೀನಿಯಾರಿಟಿಯೋ, ಕೆಲಸ ನೋಡಿಯೋ?
ಓದುಗರು, ಕೊಪ್ಪಳ

ನಿಮ್ಮ ಪತ್ರ ಎರಡು ಸಲ ಓದಿದೆ ಸರ್. ಈ ಉತ್ತರ ನಿಮಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಕ್ಯಾಪ್ಟನ್ ಆಗುವವರೆಗೆ ಕೆಲಸ, ಅದೃಷ್ಟ, ಗುರುತು ಪರಿಚಯ ಎಲ್ಲಾ ನಡೆಯುತ್ತದೆ. ಲೆಫ್ಟಿನೆಂಟ್‌ನಿಂದ ಕಮಾಂಡರ್, ಅಲ್ಲಿಂದ ಪೂರ್ಣ ಕ್ಯಾಪ್ಟನ್. ಸಾವಿರಾರು ಲೆಫ್ಟಿನೆಂಟ್‌ಗಳು ಬದುಕಿಡೀ ಅದೇ ಹುದ್ದೆಯಲ್ಲಿ ಉಳಿದರು. ಆದರೆ ಒಮ್ಮೆ ಪೂರ್ಣ ಕ್ಯಾಪ್ಟನ್ ಅಂತ ಪಟ್ಟಿಗೆ ಹೆಸರು ಬಿತ್ತು ಅಂದ್ರೆ ಮುಗಿಯಿತು, ಅಲ್ಲಿಂದ ಬರೀ ಸೀನಿಯಾರಿಟಿ. ಯಾರೂ ಯಾರನ್ನೂ ಹಾರಿ ಮುಂದೆ ಹೋಗುವ ಹಾಗಿಲ್ಲ. ಮೇಲಿನವನು ಸತ್ತರೆ ನೀವು ಒಂದು ಮೆಟ್ಟಿಲು ಮೇಲೆ. ಹಡಗಿನ ಊಟದ ಮೇಜಿನಲ್ಲಿ ‘ರಕ್ತಪಾತದ ಯುದ್ಧ ಬರಲಿ, ಇಲ್ಲವೇ ರೋಗದ ಕಾಲ ಬರಲಿ’ ಅಂತ ಲೋಟ ಎತ್ತಿ ಕುಡಿಯುವ ರೂಢಿ ಇತ್ತು. ಕೇಳಿದರೆ ಮೈ ಜುಂ ಅನ್ನುತ್ತದೆ. ಆದರೆ ಮೇಲೆ ಹೋಗಲು ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ನೆಲ್ಸನ್ ಇಪ್ಪತ್ತನೇ ವಯಸ್ಸಿಗೇ, 1779ರಲ್ಲಿ, ಪೂರ್ಣ ಕ್ಯಾಪ್ಟನ್ ಆದ. ಅಲ್ಲಿಂದ ರಿಯರ್ ಅಡ್ಮಿರಲ್ ಆಗಲು, ಅಂದ್ರೆ ಹಲವು ಹಡಗುಗಳ ಪಡೆ ನಡೆಸುವ ಅಡ್ಮಿರಲ್‌ಗಳ ಮೊದಲ ಮೆಟ್ಟಿಲು ಹತ್ತಲು, 1797ರವರೆಗೆ ಕಾಯಬೇಕಾಯಿತು. ಹದಿನೆಂಟು ವರ್ಷ! ಅದೇ ವರ್ಷ ಫೆಬ್ರವರಿಯಲ್ಲಿ ಸೇಂಟ್ ವಿನ್ಸೆಂಟ್ ಭೂಶಿರದ ಹತ್ತಿರ ಅವನು ಎರಡು ಸ್ಪ್ಯಾನಿಷ್ ಹಡಗು ಹಿಡಿದು ದೊಡ್ಡ ಹೆಸರು ಮಾಡಿದ. ಆದರೆ ಬಡ್ತಿ ಬಂದಿದ್ದು ಆ ಸಾಹಸಕ್ಕಲ್ಲ, ಪಟ್ಟಿಯಲ್ಲಿ ಅವನ ಸರದಿ ಬಂದಿತ್ತು ಅಂತ.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಹುದ್ದೆ ಬೇರೆ, ಹಡಗು ಬೇರೆ. ಕ್ಯಾಪ್ಟನ್ ಅಂತ ಹೆಸರಿದ್ದರೂ ಹಡಗು ಕೊಡದಿದ್ದರೆ ಅರ್ಧ ಸಂಬಳ ತೆಗೆದುಕೊಂಡು ಮನೆಯಲ್ಲಿ ಕೂರಬೇಕು. ನೆಲ್ಸನ್ 1788ರಿಂದ 1793ರವರೆಗೆ ಹೀಗೆ ಅಪ್ಪನ ಊರಾದ ಬರ್ನಮ್ ಥೋರ್ಪ್‌ನಲ್ಲಿ ಕೂತ. ತೋಟ ಅಗೆದ. ಹಡಗು ಕೊಡಿ ಅಂತ ಅರ್ಜಿ ಮೇಲೆ ಅರ್ಜಿ ಬರೆದ. ಫ್ರಾನ್ಸ್ ಜೊತೆ ಯುದ್ಧ ಬರುತ್ತದೆ ಅಂತಾದಾಗ ಮಾತ್ರ ಅವನಿಗೆ ‘ಅಗಮೆಮ್ನನ್’ ಎಂಬ ಹಡಗು ಸಿಕ್ಕಿತು. ನೆಪೋಲಿಯನ್ ಸೋತು ಶಾಂತಿ ಬಂದ ಮೇಲಂತೂ ಕೇಳಲೇಬೇಡಿ. 1813ರ ಹೊತ್ತಿಗೆ ಸುಮಾರು 1,45,000 ಜನರಿದ್ದ ನೌಕಾಪಡೆ 1817ಕ್ಕೆ ಸುಮಾರು 19,000ಕ್ಕೆ ಇಳಿಯಿತು. ನಾವಿಕರು ಮನೆಗೆ ಹೋದರು. ಅಧಿಕಾರಿಗಳಲ್ಲಿ ಬಹುಪಾಲು ಜನ ಅರ್ಧ ಸಂಬಳಕ್ಕೆ ಕೂತರು, ಕೂತಲ್ಲೇ ಮುದುಕರಾದರು. ಅಡ್ಮಿರಲ್ ಪಟ್ಟಿಗೆ ಹೆಸರು ಬಂದರೂ ಎಷ್ಟೋ ಜನರಿಗೆ ಒಂದು ಹಡಗೂ ಇಲ್ಲ. ಹಾಯಿಹಡಗಿನ ಅಧಿಕಾರಿಯ ಬದುಕು ಅಂದ್ರೆ ನಮಗೆ ಯುದ್ಧ ಕಣ್ಣಿಗೆ ಕಟ್ಟುತ್ತದೆ. ನಿಜ ಏನಂದ್ರೆ ಅದು ಬಹುತೇಕ ಕಾಯುವ ಕೆಲಸ. ಮಳೆಗಾಲದಲ್ಲಿ ಮುಗಿಲು ನೋಡುತ್ತಾ ಕೂರುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ವರ್ಷಕ್ಕೆ ಹಾಜರಿ ಬಿದ್ದ ಆ ವಾಲಿಸ್ ಕಥೆ ಇಲ್ಲಿ ಮುಗಿಸುತ್ತೇನೆ. 1813ರಲ್ಲಿ ‘ಶಾನನ್’ ಹಡಗು ಅಮೆರಿಕದ ‘ಚೆಸಪೀಕ್’ ಹಡಗನ್ನು ಬಾಸ್ಟನ್ ಎದುರು ಗೆದ್ದಾಗ ಕ್ಯಾಪ್ಟನ್‌ಗೆ ತಲೆಗೆ ಗಾಯ, ಮೊದಲ ಲೆಫ್ಟಿನೆಂಟ್ ಸತ್ತಿದ್ದ. ಇಪ್ಪತ್ತೆರಡರ ವಾಲಿಸ್ ಆರು ದಿನ ಹಡಗಿನ ಹೊಣೆ ಹೊತ್ತು ಹ್ಯಾಲಿಫ್ಯಾಕ್ಸ್ ಮುಟ್ಟಿಸಿದ. 1870ರಲ್ಲಿ ಹೊಸ ನಿವೃತ್ತಿ ನಿಯಮ ಬಂತು. ಫ್ರೆಂಚ್ ಯುದ್ಧದ ಕಾಲದಲ್ಲಿ ಹಡಗಿನ ಮುಖ್ಯಸ್ಥನಾಗಿದ್ದವರನ್ನು ನಿವೃತ್ತಿ ಮಾಡುವ ಹಾಗಿಲ್ಲ ಅಂತ ಅದರಲ್ಲಿ ಇತ್ತು. ಆ ಆರು ದಿನ ಲೆಕ್ಕಕ್ಕೆ ಬಂತು ನೋಡಿ! 1892ರಲ್ಲಿ ತೀರಿಕೊಂಡಾಗ ವಾಲಿಸ್‌ಗೆ ನೂರು ವರ್ಷ, ಆಗಲೂ ಸೇವೆಯ ಪಟ್ಟಿಯಲ್ಲೇ ಇದ್ದ, ಹುದ್ದೆ ಎಲ್ಲಕ್ಕಿಂತ ಮೇಲಿನ ಅಡ್ಮಿರಲ್ ಆಫ್ ದಿ ಫ್ಲೀಟ್.

ಸಂಬಳ ಎಷ್ಟು, ಮೇಲ್ಸಂಪಾದನೆ ಏನಾದರೂ ಇತ್ತಾ?
ಕಿರಾಣಿ ವ್ಯಾಪಾರಿ, ಗಂಗಾವತಿ

ಇತ್ತು ಅಣ್ಣಾರೆ, ಅದೂ ಸರ್ಕಾರಿ ನಿಯಮದ ಪ್ರಕಾರವೇ. ಶತ್ರುವಿನ ಹಡಗು ಹಿಡಿದರೆ ಹಡಗು ಮತ್ತು ಸರಕು ಮಾರಿ ಬಂದ ಹಣವನ್ನು ಹಿಡಿದವರಿಗೇ ಹಂಚುತ್ತಿದ್ದರು. ಎಂಟು ಪಾಲು ಮಾಡುವುದು. 1808ರವರೆಗೆ ಅದರಲ್ಲಿ ಮೂರು ಪಾಲು ಕ್ಯಾಪ್ಟನ್‌ಗೆ. ಅವನು ಯಾವುದಾದರೂ ಅಡ್ಮಿರಲ್ ಕೈಕೆಳಗಿದ್ದರೆ ಆ ಮೂರರಲ್ಲಿ ಒಂದು ಅಡ್ಮಿರಲ್‌ಗೆ, ಅವನು ನೂರಾರು ಮೈಲಿ ದೂರ ಇದ್ದರೂ ಸರಿ. ಲೆಫ್ಟಿನೆಂಟ್‌ಗಳು ಮತ್ತು ಅವರ ಸಮಾನರಿಗೆಲ್ಲ ಸೇರಿ ಒಂದು. ಅವರ ಕೆಳಗಿನ ಎರಡು ದರ್ಜೆಯವರಿಗೆ ಒಂದೊಂದು. ಕೊನೆಯ ಎರಡು ಪಾಲು ನೂರಾರು ನಾವಿಕರು ಹಂಚಿಕೊಳ್ಳಬೇಕು.

1762ರಲ್ಲಿ ‘ಹರ್ಮಿಯೋನಿ’ ಎಂಬ ಸ್ಪ್ಯಾನಿಷ್ ಹಡಗು ಸಿಕ್ಕಿತು. ಅಂಥ ಬೇಟೆ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ ಅಂತ ಹೇಳುತ್ತಾರೆ. ಅದನ್ನು ಹಿಡಿದ ಎರಡು ಬ್ರಿಟಿಷ್ ಹಡಗುಗಳ ಕ್ಯಾಪ್ಟನ್‌ಗಳಿಗೆ ತಲಾ ಸುಮಾರು 65,000 ಪೌಂಡ್. ಸಾಮಾನ್ಯ ನಾವಿಕನಿಗೆ ಸುಮಾರು 485 ಪೌಂಡ್. ಕಡಿಮೆ ಅನಿಸಿತಾ? ನುರಿತ ನಾವಿಕನ ಸಂಬಳ ಇಪ್ಪತ್ತೆಂಟು ದಿನಕ್ಕೆ 24 ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗ್ ಅಂದ್ರೆ ಒಂದು ಪೌಂಡ್. ನಿಮ್ಮ ಅಂಗಡಿ ಲೆಕ್ಕದ ಹಾಗೆ ಹಾಕಿ ನೋಡಿ, ಅವನಿಗೆ ಮೂವತ್ತು ವರ್ಷದ ದುಡಿಮೆ ಒಂದೇ ದಿನ ಬಂದ ಹಾಗೆ. ಆದರೆ ಇಂಥದ್ದು ಸಾವಿರಕ್ಕೊಬ್ಬರಿಗೆ. ಉಳಿದವರು ಹೊಂಚು ಹಾಕಿಕೊಂಡೇ ವಯಸ್ಸು ಕಳೆದರು.

ಹಡಗಿನ ವೇಗಕ್ಕೆ ‘ನಾಟ್’ ಅಂತಾರಲ್ಲ, ಗಂಟು ಅನ್ನುವುದಕ್ಕೂ ಅದಕ್ಕೂ ಏನು ಸಂಬಂಧ?
ಐಟಿಐ ವಿದ್ಯಾರ್ಥಿ, ಸಿಂಧನೂರು

ಅದು ನಿಜವಾದ ಗಂಟೇ ತಮ್ಮಾ. ಉದ್ದ ಹಗ್ಗಕ್ಕೆ ಸುಮಾರು 47 ಅಡಿಗೊಂದು ಗಂಟು. ತುದಿಗೆ ಮೂರು ಮೂಲೆಯ ಸಣ್ಣ ಹಲಗೆ, ನೀರಲ್ಲಿ ನೆಟ್ಟಗೆ ನಿಲ್ಲಲಿ ಅಂತ ಒಂದು ಅಂಚಿಗೆ ಸೀಸದ ಭಾರ. ಹಲಗೆಯನ್ನು ಹಡಗಿನ ಹಿಂದಿನಿಂದ ನೀರಿಗೆ ಎಸೆಯುತ್ತಾರೆ. ಹಲಗೆ ಇದ್ದಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಸರಸರ ಬಿಚ್ಚಿಕೊಳ್ಳುತ್ತದೆ. ಒಬ್ಬ ಹುಡುಗ 28 ಸೆಕೆಂಡಿನ ಮರಳು ಗಡಿಯಾರ ಹಿಡಿದು ನಿಂತಿರುತ್ತಾನೆ. ಮರಳು ಖಾಲಿಯಾದ ಕೂಡಲೇ ಕೂಗುತ್ತಾನೆ, ಹಗ್ಗ ಹಿಡಿದವನು ಗಪ್ಪನೆ ನಿಲ್ಲಿಸುತ್ತಾನೆ. ಅಷ್ಟರಲ್ಲಿ ಕೈಯಲ್ಲಿ ಎಷ್ಟು ಗಂಟು ಜಾರಿತೋ ಅಷ್ಟೇ ವೇಗ. ಎಂಟು ಗಂಟು ಜಾರಿದರೆ ಗಂಟೆಗೆ ಎಂಟು ಸಮುದ್ರ ಮೈಲಿ. ಅಧಿಕಾರಿ ಆಗಬೇಕಿದ್ದ ಹುಡುಗರು ಮೊದಲು ಕಲಿಯುತ್ತಿದ್ದ ಕೆಲಸಗಳಲ್ಲಿ ಇದೂ ಒಂದು. ನೆನೆದ ಹಗ್ಗ, ಚಳಿ, ರಾತ್ರಿ ಎರಡು ಗಂಟೆ ಆದರೂ ಬಿಡುವಿಲ್ಲ.

ತಿಂಗಳುಗಟ್ಟಲೆ ನೀರಿನ ಮೇಲೆ ಇರುವವರು ಊಟಕ್ಕೆ ಏನು ಮಾಡುತ್ತಿದ್ದರು? ಅಡುಗೆ ಹೆಂಗೆ?
ಗೃಹಿಣಿ, ಮಾನ್ವಿ

ಅಕ್ಕಾರೆ, ನೀವು ಊರಿಗೆ ಹೋಗುವವರಿಗೆ ಖಡಕ್ ರೊಟ್ಟಿ ಕಟ್ಟಿಕೊಡುತ್ತೀರಲ್ಲ, ಅದರದೇ ಲೆಕ್ಕ. ನೀರಿನ ಅಂಶ ಇಲ್ಲದಿದ್ದರೆ ಕೆಡುವುದಿಲ್ಲ. ಅವರದು ಗೋಧಿ ಹಿಟ್ಟಿನ ಗಟ್ಟಿ ಬಿಸ್ಕೆಟ್, ಒಬ್ಬೊಬ್ಬರಿಗೆ ದಿನಕ್ಕೆ ಒಂದು ಪೌಂಡ್, ಅಂದ್ರೆ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ಹಲ್ಲಿಗೆ ಬಗ್ಗದಷ್ಟು ಗಟ್ಟಿ. ಹಳೆಯದಾದರೆ ಹುಳ. ಮೇಜಿಗೆ ಕುಟ್ಟಿ ಹುಳ ಉದುರಿಸಿ ತಿನ್ನುತ್ತಿದ್ದರು. ಜೊತೆಗೆ ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿದ ಮಾಂಸ, ಒಣ ಬಟಾಣಿ, ಓಟ್ಸ್ ಗಂಜಿ. ನೀರು ಬೇಗ ನಾರುತ್ತಿದ್ದರಿಂದ ದಿನಕ್ಕೆ ಒಂದು ಗ್ಯಾಲನ್, ಅಂದ್ರೆ ಸುಮಾರು ನಾಲ್ಕು ಲೀಟರ್ ಬಿಯರ್. ನಮ್ಮ ಖಡಕ್ ರೊಟ್ಟಿ ಜೊತೆ ಶೇಂಗಾ ಪುಡಿ, ಮೊಸರು, ಹಸಿ ಈರುಳ್ಳಿ ಇರುತ್ತದೆ. ಅವರಿಗೆ ಹಸಿ ಅನ್ನುವುದೇ ಇರಲಿಲ್ಲ. ಅದೇ ಅವರನ್ನು ಕೊಂದಿದ್ದು.

ಸ್ಕರ್ವಿ ಅಂತ ರೋಗ. ಒಸಡು ಕೊಳೆಯುತ್ತದೆ, ಹಳೆಯ ಗಾಯ ಮತ್ತೆ ಬಾಯಿ ಬಿಡುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಈ ರೋಗ ಬಂದ ಹನ್ನೆರಡು ಜನರನ್ನು ಇಬ್ಬಿಬ್ಬರ ಹಾಗೆ ಆರು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ವಾರದೊಳಗೆ ಎದ್ದು ಕೂತರು. ಇಷ್ಟು ಸ್ಪಷ್ಟವಾಗಿ ಕಂಡರೂ ಎಲ್ಲ ಹಡಗಿಗೆ ನಿಂಬೆರಸ ಕೊಡಿ ಅಂತ ಆದೇಶ ಬಂದಿದ್ದು 1795ರಲ್ಲಿ. ನಲವತ್ತೆಂಟು ವರ್ಷ ಆದ ಮೇಲೆ! ಈ ವಿಷಯ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಹೋಳು ನಿಂಬೆಹಣ್ಣು ಸಿಗದೆ ಎಷ್ಟು ಸಾವಿರ ಹುಡುಗರು ಹೋದರೋ.

ಇಷ್ಟೆಲ್ಲ ಬರೆಯುತ್ತೀರಿ. ಇವರು ನಮ್ಮನ್ನು ಆಳಿದವರು. ಕೆಳಗಿನ ನಾವಿಕರನ್ನು ಚಾಟಿಯಲ್ಲಿ ಹೊಡೆದವರು. ಇವರ ಚರಿತ್ರೆ ನಮಗ್ಯಾಕೆ?
ಯುವ ಓದುಗರು, ಕಂಪ್ಲಿ

ಕೇಳಬೇಕಾದ ಪ್ರಶ್ನೆ. ಚಾಟಿ ನಿಜ. ಬಂದರು ಊರುಗಳಲ್ಲಿ ದಾರಿಹೋಕರನ್ನು ಹಿಡಿದು ಬಲವಂತವಾಗಿ ಹಡಗಿಗೆ ಹಾಕುತ್ತಿದ್ದದ್ದೂ ನಿಜ. ನಾವಿಕರ ಸಂಬಳ ನೂರಕ್ಕೂ ಹೆಚ್ಚು ವರ್ಷ ಒಂದು ಪೆನ್ನಿ ಏರಿರಲಿಲ್ಲ. 1797ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್ ಎಂಬ ಹಡಗು ನಿಲ್ಲುವ ಜಾಗದಲ್ಲಿ ನಾವಿಕರು ಒಗ್ಗಟ್ಟಾಗಿ, ಸಂಬಳ ಏರಿಸುವವರೆಗೆ ಲಂಗರು ಎತ್ತುವುದಿಲ್ಲ ಅಂತ ಕೂತರು, ಗೆದ್ದರು. ಆಮೇಲೆ ನೋರ್ ಎಂಬಲ್ಲಿ ಎದ್ದವರು ಸೋತರು. ಅವರ ಮುಂದಾಳು ರಿಚರ್ಡ್ ಪಾರ್ಕರ್‌ನನ್ನು ಗಲ್ಲಿಗೇರಿಸಿದರು. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಆದರೆ ನಮಗ್ಯಾಕೆ ಅಂದ್ರೆ, ಅವರ ಹಡಗಿನ ಮೇಲೆ ನಡೆದಿದ್ದು ನಮ್ಮ ಊರಿನ ಬಾಗಿಲಿಗೂ ಬಂತು. 1798ರ ಆಗಸ್ಟ್ 1ರಂದು ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ ನೆಲ್ಸನ್ ಫ್ರೆಂಚ್ ಹಡಗುಪಡೆಯನ್ನು ನಾಶ ಮಾಡಿದ. ಗೆದ್ದ ಕೂಡಲೇ ಅವನು ಮಾಡಿದ ಒಂದು ಕೆಲಸ ಏನು ಗೊತ್ತಾ? ಡುವಾಲ್ ಎಂಬ ಲೆಫ್ಟಿನೆಂಟ್‌ನನ್ನು ಬಾಗ್ದಾದ್, ಬಸ್ರಾ ದಾರಿ ಹಿಡಿಸಿ ಬಾಂಬೆಗೆ ಅಟ್ಟಿದ. ಫ್ರೆಂಚರು ಟಿಪ್ಪುವಿನ ನೆರವಿಗೆ ಬರುತ್ತಾರೆ ಅಂತ ಕಂಪನಿಯವರು ಹೆದರಿ ಕೂತಿದ್ದಾರೆ, ಆ ಹಡಗುಪಡೆ ಈಗ ಇಲ್ಲ ಅಂತ ತಿಳಿಸಲು. ಕಂಪನಿ ನೆಲ್ಸನ್‌ಗೆ 10,000 ಪೌಂಡ್ ಕೊಟ್ಟು ಕೃತಜ್ಞತೆ ಹೇಳಿತು. ಮರುವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ರಾಯಚೂರು, ಕೊಪ್ಪಳ ನಿಜಾಮನ ಬಳಿಯೇ ಉಳಿದವು. ನಮ್ಮ ಮೂರು ಜಿಲ್ಲೆ ಎರಡು ಭಾಗ ಆಗಿದ್ದು, ಒಂದು ಕಡೆ ಮದ್ರಾಸಿನ ಕಾಗದಪತ್ರ, ಇನ್ನೊಂದು ಕಡೆ ಹೈದರಾಬಾದಿನ ಉರ್ದು ದಾಖಲೆ ಬಂದಿದ್ದು ಹೀಗೆ. ನಿಮ್ಮ ಮನೆಯಲ್ಲಿ ಹಳೆಯ ಜಮೀನಿನ ಕಾಗದ ಇದ್ದರೆ ತೆಗೆದು ನೋಡಿ ತಮ್ಮಾ. ಇದಕ್ಕೆ ನೆಲ್ಸನ್ ಒಬ್ಬನೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಆ ಹಗ್ಗದಲ್ಲಿ ಅವನದೂ ಒಂದು ಎಳೆ ಇದೆ.

ನನ್ನ ಮಗನಿಗೆ ಹನ್ನೆರಡು. ಈ ಜೂನ್‌ಗೆ ಹಾಸ್ಟೆಲ್‌ಗೆ ಬಿಡಬೇಕು ಅಂತ ಮನೆಯವರು ಹೇಳುತ್ತಾರೆ, ನನಗೆ ಮನಸ್ಸು ಬರುತ್ತಿಲ್ಲ. ಅದೇ ವಯಸ್ಸಿನ ಮಕ್ಕಳು ಹಡಗಿಗೆ ಹೋಗುತ್ತಿದ್ದರು ಅಂತ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅವರು ಅಳುತ್ತಿರಲಿಲ್ಲವಾ?
ಒಬ್ಬ ತಾಯಿ, ಸಂಡೂರು

ಅಳುತ್ತಿದ್ದರು ಅಮ್ಮಾ. ನೆಲ್ಸನ್ ಮೊದಲ ದಿನ ಹಡಗು ಹುಡುಕಿಕೊಂಡು ಹೋದಾಗ ಕರೆದುಕೊಳ್ಳಲು ಯಾರೂ ಬಂದಿರಲಿಲ್ಲ. ಚಳಿಯಲ್ಲಿ ಒಬ್ಬನೇ ಅಲೆಯುತ್ತಿದ್ದ ಹುಡುಗನನ್ನು ಕಂಡು ಯಾರೋ ಒಬ್ಬ ಅಧಿಕಾರಿ ಮನೆಗೆ ಕರೆದು ಊಟ ಹಾಕಿದನಂತೆ. ಆದರೆ ನಿಮಗೆ ನಾನು ಹೇಳಬೇಕಾದ್ದು ಇನ್ನೊಬ್ಬನ ಕಥೆ. ಇವರೆಲ್ಲರಲ್ಲಿ ನನಗೆ ಹತ್ತಿರದವನು ಅವನೇ, ಕತ್‌ಬರ್ಟ್ ಕಾಲಿಂಗ್‌ವುಡ್.

ನ್ಯೂಕಾಸಲ್ ಊರಿನವನು. 1761ರಲ್ಲಿ ಹಡಗು ಹತ್ತಿದಾಗ ಅವನಿಗೂ ಹನ್ನೆರಡೇ. ಮೊದಲ ದಿನ ಒಂದು ಮೂಲೆಯಲ್ಲಿ ಕೂತು ಅಳುತ್ತಿದ್ದಾಗ ಹಡಗಿನ ಲೆಫ್ಟಿನೆಂಟ್ ಬಂದು ಸಮಾಧಾನ ಮಾಡಿದ. ಹುಡುಗನಿಗೆ ಎಷ್ಟು ಹಗುರ ಆಯಿತೆಂದರೆ, ಆ ಲೆಫ್ಟಿನೆಂಟ್‌ನನ್ನು ತನ್ನ ಪೆಟ್ಟಿಗೆ ಹತ್ತಿರ ಕರೆದುಕೊಂಡು ಹೋಗಿ, ಅವ್ವ ಕಟ್ಟಿಕೊಟ್ಟಿದ್ದ ಕೇಕಿನಲ್ಲಿ ದೊಡ್ಡ ತುಂಡು ಮುರಿದು ಕೊಟ್ಟ.

ಆ ಹುಡುಗನೇ 1805ರ ಅಕ್ಟೋಬರ್ 21ರಂದು, ಸ್ಪೇನ್ ಕರಾವಳಿಯಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಪಡೆಗಳ ಎದುರು ನಡೆದ ಟ್ರಾಫಲ್ಗರ್ ಕಾಳಗದಲ್ಲಿ ‘ರಾಯಲ್ ಸಾವರಿನ್’ ಹಡಗು ನಡೆಸಿಕೊಂಡು ಎಲ್ಲರಿಗಿಂತ ಮೊದಲು ಶತ್ರುಗಳ ಸಾಲಿಗೆ ನುಗ್ಗಿದವನು. ಇವರದು 27 ಹಡಗು, ಎದುರಿಗೆ 33. ನೆಲ್ಸನ್ ಗುಂಡು ತಗಲಿ ಸತ್ತ. ಇಡೀ ಪಡೆಯ ಹೊಣೆ ಕಾಲಿಂಗ್‌ವುಡ್ ಮೇಲೆ ಬಿತ್ತು. ಗೆಲುವಿನ ವರದಿ, ಸ್ನೇಹಿತನ ಸಾವಿನ ವರದಿ, ಎರಡನ್ನೂ ಬರೆದವನು ಅವನೇ. ನಾವಿಕರಿಗೆ ಚಾಟಿ ಏಟು ಹಾಕಿಸುವುದು ಅವನಿಗೆ ಆಗುತ್ತಿರಲಿಲ್ಲ, ಆದಷ್ಟು ಕಡಿಮೆ ಮಾಡಿದ. ಮುಂದೆ ಇಂಗ್ಲೆಂಡಿಗೆ ಹಡಗು ಕಟ್ಟಲು ಮರ ಬೇಕು ಅಂತ, ಊರಿಗೆ ಬಂದಾಗಲೆಲ್ಲ ಜೇಬಿನಲ್ಲಿ ಓಕ್ ಬೀಜ ಇಟ್ಟುಕೊಂಡು ತಿರುಗುತ್ತಿದ್ದ, ಒಳ್ಳೆಯ ನೆಲ ಕಂಡಲ್ಲಿ ಊರುತ್ತಿದ್ದ. ಓಕ್ ಮರ ಹಡಗಿಗೆ ಬರಲು ನೂರು ವರ್ಷ ಬೇಕು. ಅಷ್ಟೊತ್ತಿಗೆ ಹಡಗುಗಳೇ ಕಬ್ಬಿಣದವು ಆಗಿಬಿಟ್ಟವು.

1803ರಲ್ಲಿ ಮನೆಯಿಂದ ಹೊರಟವನು ಮತ್ತೆ ಮನೆ ನೋಡಲಿಲ್ಲ. ಹೆಂಡತಿ ಸಾರಾ, ಇಬ್ಬರು ಹೆಣ್ಣುಮಕ್ಕಳು. ಏಳು ವರ್ಷ ಬರೀ ಪತ್ರ. ಹೆಣ್ಣುಮಕ್ಕಳಿಗೆ ರೇಖಾಗಣಿತ ಕಲಿಸು, ಅದರಷ್ಟು ಚೆಂದದ ವಿದ್ಯೆ ಇನ್ನೊಂದಿಲ್ಲ ಅಂತ ಹಡಗಿನಿಂದ ಹೆಂಡತಿಗೆ ಬರೆದಿದ್ದ. ಮೈ ಸರಿಯಿಲ್ಲ, ಬಿಡಿ ಅಂತ ಸರ್ಕಾರಕ್ಕೆ ಕೇಳಿದರೆ, ನಿಮ್ಮ ಜಾಗಕ್ಕೆ ಸರಿಯಾದವರು ಇಲ್ಲ, ಇನ್ನೂ ಸ್ವಲ್ಪ ದಿನ ಇರಿ ಅನ್ನುವ ಉತ್ತರ. ಜೊತೆಗಿದ್ದ ನಾಯಿ ಬೌನ್ಸ್ ಕೂಡ 1809ರಲ್ಲಿ ಸಮುದ್ರದ ಪಾಲಾಯಿತು. ಕೊನೆಗೆ 1810ರ ಮಾರ್ಚ್ 3ರಂದು ಅಧಿಕಾರ ಬಿಟ್ಟುಕೊಟ್ಟ. 6ರಂದು ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪದಿಂದ ಹಡಗು ಮನೆ ಕಡೆ ಹೊರಟಿತು. 7ರ ಸಂಜೆ ಹಡಗಿನಲ್ಲೇ ತೀರಿಕೊಂಡ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ನೆಲ್ಸನ್ ಸಮಾಧಿ ಪಕ್ಕ ಅವನದೂ ಇದೆ.

ನಿಮ್ಮ ಮಗ ಹೋಗುವುದು ಹಡಗಿಗಲ್ಲ ಅಮ್ಮಾ. ದಸರೆಗೆ ಬರುತ್ತಾನೆ, ದೀಪಾವಳಿಗೆ ಬರುತ್ತಾನೆ, ಭಾನುವಾರ ಫೋನ್ ಮಾಡುತ್ತಾನೆ. ನಾನೂ ಹನ್ನೊಂದಕ್ಕೆ ಹಾಸ್ಟೆಲ್ ಸೇರಿದವನು. ಮೊದಲ ವಾರ ಟ್ರಂಕಿನ ಮುಚ್ಚಳ ತೆರೆದಾಗ ಬರುತ್ತಿದ್ದ ನಮ್ಮವ್ವನ ಸೀರೆ ವಾಸನೆಗೇ ಅಳು ಬರುತ್ತಿತ್ತು. ಎರಡನೇ ವಾರ ಪಕ್ಕದ ಹಾಸಿಗೆಯ ಹುಡುಗ ಅಳುವುದು ಕೇಳಿಸಿತು, ಎದ್ದು ಅವನಿಗೆ ಒಂದು ಶೇಂಗಾ ಹೋಳಿಗೆ ಕೊಟ್ಟೆ. ಈಗಲೂ ನಾವು ಸ್ನೇಹಿತರು. ಜೂನ್‌ನಲ್ಲಿ ಡಬ್ಬಿ ಕಟ್ಟುವಾಗ ನಾಲ್ಕು ಜನಕ್ಕಾಗುವಷ್ಟು ಕಟ್ಟಿ.